ಚಿಕ್ಕೋಡಿ ಭಾಗದಲ್ಲಿ ಉದ್ಯೋಗಸ್ಥಳದ ಮಾದಕವಸ್ತು ಪರೀಕ್ಷೆ ಮತ್ತು ನೇಮಕಾತಿ

ಉದ್ಯೋಗಸ್ಥಳದ ಮಾದಕವಸ್ತು ಪರೀಕ್ಷೆ ಎಂದರೆ ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಅಥವಾ ಸೇವೆಯ ಅವಧಿಯಲ್ಲಿ ನೌಕರರ ಉಸಿರು, ಮೂತ್ರ, ಜೊಲ್ಲು, ರಕ್ತ ಅಥವಾ ಕೂದಲಿನ ಮಾದರಿಯನ್ನು ಪರೀಕ್ಷಿಸಿ ಮದ್ಯ ಹಾಗೂ ಮಾದಕವಸ್ತುಗಳ ಸೇವನೆಯನ್ನು ಪತ್ತೆಹಚ್ಚುವ ಕ್ರಮ. ಭಾರತದಲ್ಲಿ ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ಇಂಥ ಒಂದೇ ಕಾಯ್ದೆ ಇಲ್ಲ. ವಿಮಾನಯಾನ, ರೈಲ್ವೆ ಮತ್ತು ರಸ್ತೆ ಸಾರಿಗೆಗೆ ಬೇರೆ ಬೇರೆ ನಿಯಮಗಳಿವೆ. ಉಳಿದೆಡೆ ಮಾಲೀಕರು ಮಾಡಿದ್ದೇ ನಿಯಮ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಸದಲಗಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಪ್ರದೇಶದಲ್ಲಿ ಈ ವ್ಯವಸ್ಥೆಯ ಒಂದು ವೈರುಧ್ಯ ಸ್ಪಷ್ಟವಾಗಿ ಕಾಣುತ್ತದೆ. ಪರೀಕ್ಷೆಯ ಬಿಗಿ ಕೆಲಸದ ಅಪಾಯವನ್ನು ಅನುಸರಿಸುವುದಕ್ಕಿಂತ ಹೆಚ್ಚಾಗಿ ಕೆಲಸಗಾರರ ಲಭ್ಯತೆಯನ್ನು ಅನುಸರಿಸುತ್ತದೆ.

ಪ್ರದೇಶ ಮತ್ತು ದುಡಿಮೆ

ಸದಲಗಾ ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗಾ ನದಿಯ ದಂಡೆಯಲ್ಲಿರುವ ಪಟ್ಟಣ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಾವರಿಯಿಂದ ಇಲ್ಲಿನ ಮುಖ್ಯ ಬೆಳೆ ಕಬ್ಬು. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆ ಇವುಗಳಲ್ಲಿ ಪ್ರಮುಖವಾದವು. ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಪೇಟೆ. ಗಡಿಯಾಚೆಯ ಇಚಲಕರಂಜಿಯ ವಿದ್ಯುತ್ ಮಗ್ಗಗಳೂ ಕಾಗಲ್‌ನ ಕೈಗಾರಿಕಾ ವಸಾಹತೂ ಈ ಭಾಗದ ಯುವಕರಿಗೆ ಕೆಲಸ ಕೊಡುತ್ತವೆ. ಹೀಗಾಗಿ ಇಲ್ಲಿನ ಮಾಲೀಕರು ಕೆಲಸಗಾರರಿಗಾಗಿ ಎರಡು ರಾಜ್ಯಗಳ ಪೇಟೆಯೊಡನೆ ಪೈಪೋಟಿ ನಡೆಸಬೇಕಾಗುತ್ತದೆ.

ಕೊರತೆ ತೀವ್ರವಾಗುವುದು ಕಬ್ಬು ನುರಿಸುವ ಹಂಗಾಮಿನಲ್ಲಿ. ಕಡಿದ ಕಬ್ಬು ಬೇಗ ಗಾಣಕ್ಕೆ ಹೋಗದಿದ್ದರೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ. ಆದ್ದರಿಂದ ಕಟಾವಿನ ತಂಡ ಮತ್ತು ಟ್ರ್ಯಾಕ್ಟರ್ ಚಾಲಕ ಇಬ್ಬರೂ ಒಂದೇ ಹೊತ್ತಿಗೆ ಸಿಗಬೇಕು. ತಂಡಗಳು ಬಹುಪಾಲು ಬೀಡ್ ಮೊದಲಾದ ಮರಾಠವಾಡಾ ಜಿಲ್ಲೆಗಳಿಂದಲೂ ವಿಜಯಪುರದ ಕಡೆಯಿಂದಲೂ ಬರುತ್ತವೆ. ಗಂಡ–ಹೆಂಡತಿ ಜೋಡಿಯನ್ನು ಒಂದು ‘ಕೋಯತಾ’ ಎಂದು ಎಣಿಸಿ ಮುಕಾದಮನ ಮೂಲಕ ಮುಂಗಡ ಕೊಡುವುದು ರೂಢಿ. ಮುಂಗಡ ಪಡೆದ ತಂಡ ಬಾರದೇ ಹೋದರೆ ನಷ್ಟ ಹೊರುವವನು ವಾಹನದ ಮಾಲೀಕ. ಇಂಥ ಪೇಟೆಯಲ್ಲಿ ಬಂದವರ ಅಭ್ಯಾಸಗಳನ್ನು ವಿಚಾರಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಪರೀಕ್ಷೆ ಅಳೆಯುವುದು ಏನನ್ನು

ಉಸಿರಿನ ಪರೀಕ್ಷೆಗೂ ಮೂತ್ರದ ಪರೀಕ್ಷೆಗೂ ಮೂಲಭೂತ ವ್ಯತ್ಯಾಸವಿದೆ. ಉಸಿರಿನ ಪರೀಕ್ಷೆ ಆ ಗಳಿಗೆಯಲ್ಲಿ ದೇಹದಲ್ಲಿರುವ ಮದ್ಯದ ಪ್ರಮಾಣವನ್ನು ಅಂದಾಜಿಸುತ್ತದೆ. ಅದಕ್ಕೂ ಚಾಲನೆಯ ಸಾಮರ್ಥ್ಯಕ್ಕೂ ನೇರ ಸಂಬಂಧವಿದೆ. ಬಾಯಿ ತೊಳೆಯುವ ದ್ರಾವಣ, ಮದ್ಯಸಾರವಿರುವ ಔಷಧದ ಹನಿಗಳು ಬಾಯಲ್ಲಿ ಉಳಿದರೆ ತಪ್ಪು ಅಂಕಿ ಬರಬಹುದಾದ್ದರಿಂದ ಸುಮಾರು 15 ನಿಮಿಷ ಬಿಟ್ಟು ಮರುಪರೀಕ್ಷೆ ಮಾಡುವುದು ಸರಿಯಾದ ಕ್ರಮ. ಕಾಕಂಬಿಯಿಂದ ಎಥನಾಲ್ ತಯಾರಿಸುವ ಘಟಕಗಳುಳ್ಳ ಸಕ್ಕರೆ ಕಾರ್ಖಾನೆಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಮೂತ್ರದ ಪರೀಕ್ಷೆ ಹೇಳುವುದು ಕಳೆದ ದಿನಗಳ ಕಥೆಯನ್ನು. ಕೊಕೇನ್, ಆಂಫೆಟಮೈನ್, ಅಫೀಮಿನ ಅಂಶಗಳು ಸಾಮಾನ್ಯವಾಗಿ ಎರಡು ಮೂರು ದಿನ ಕಾಣಸಿಗುತ್ತವೆ. ಗಾಂಜಾದ ಅಂಶ ಕೊಬ್ಬಿನಲ್ಲಿ ಶೇಖರವಾಗುವುದರಿಂದ ಅಪರೂಪಕ್ಕೆ ಸೇದಿದವರಲ್ಲಿ ಕೆಲವು ದಿನ, ನಿತ್ಯ ಸೇದುವವರಲ್ಲಿ ಕೆಲವು ವಾರಗಳವರೆಗೂ ಪತ್ತೆಯಾಗಬಹುದು. ಕೂದಲಿನ ಪರೀಕ್ಷೆ ಸುಮಾರು 90 ದಿನಗಳ ಹಿಂದಿನದನ್ನೂ ತೋರಿಸುತ್ತದೆ. ಭಾನುವಾರ ಗಾಂಜಾ ಸೇದಿ ಗುರುವಾರ ಪೂರ್ಣ ಎಚ್ಚರದಲ್ಲಿ ಬಂದ ನೌಕರ ಸಿಕ್ಕಿಬೀಳುತ್ತಾನೆ. ಬೆಳಿಗ್ಗೆ ಕುಡಿದು ಬಂದವನು ಗಾಂಜಾ, ಅಫೀಮು ಹುಡುಕುವ ಮೂತ್ರದ ಪಟ್ಟಿಯಿಂದ ನುಣುಚಿಕೊಳ್ಳುತ್ತಾನೆ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ಸಮೀಕ್ಷೆ (2019) ಪ್ರಕಾರ ದೇಶದ 10ರಿಂದ 75 ವರ್ಷ ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ಶೇ. 14.6, ಅಂದರೆ ಸುಮಾರು 16 ಕೋಟಿ ಜನ. ಗಾಂಜಾ ಗಿಡದ ಉತ್ಪನ್ನಗಳನ್ನು ಬಳಸುವವರು ಶೇ. 2.8. ಮದ್ಯವನ್ನು ಬಿಟ್ಟು ಉಳಿದುದನ್ನಷ್ಟೇ ಹುಡುಕುವ ಪರೀಕ್ಷೆ ದೊಡ್ಡ ಅಪಾಯವನ್ನು ಪಕ್ಕಕ್ಕಿಟ್ಟು ಸಣ್ಣದರ ಬೆನ್ನು ಹತ್ತಿದಂತಾಗುತ್ತದೆ.

ಭಂಗಿಯ ಪ್ರಶ್ನೆ ಮತ್ತಷ್ಟು ತೊಡಕಿನದು. 1985ರ ಮಾದಕವಸ್ತು ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಎಂದು ಹೇಳಿ, ತುದಿಗಳಿಂದ ಬೇರ್ಪಟ್ಟ ಎಲೆ ಮತ್ತು ಬೀಜಗಳನ್ನು ಹೊರಗಿಟ್ಟಿದೆ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ನಿಷೇಧಕ್ಕೆ ಒಳಪಡುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತು. ಅದರ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನುಗಳಿಗೆ ಬಿಟ್ಟ ವಿಷಯ. ಆದರೆ ಪ್ರಯೋಗಾಲಯ ಹುಡುಕುವ ರಾಸಾಯನಿಕ ಎಲೆಯಲ್ಲೂ ಹೂವಿನಲ್ಲೂ ಒಂದೇ. ಕಾನೂನು ಮಾಡಿದ ಭೇದವನ್ನು ಮೂತ್ರ ಮಾಡದು. ಮೇಲಿನ ಸಮೀಕ್ಷೆಯಲ್ಲಿ ಭಂಗಿ ಬಳಸುವವರು ಸುಮಾರು 2.2 ಕೋಟಿ, ಗಾಂಜಾ–ಚರಸ್ ಬಳಸುವವರು ಸುಮಾರು 1.3 ಕೋಟಿ ಎಂಬುದನ್ನು ಗಮನಿಸಿದರೆ ಈ ಗೊಂದಲ ಎಷ್ಟು ಜನರನ್ನು ಮುಟ್ಟಬಲ್ಲದು ಎಂಬುದು ತಿಳಿಯುತ್ತದೆ.

ಅಡುಗೆಮನೆಯೂ ಇದರಿಂದ ಹೊರತಲ್ಲ. ಗಸಗಸೆ ಅಫೀಮು ಗಿಡದ ಬೀಜ. ಭಾರತದಲ್ಲಿ ಅದರ ಬಳಕೆ ಕಾನೂನುಬದ್ಧ, ಗಸಗಸೆ ಪಾಯಸ ಕನ್ನಡ ನಾಡಿನ ಹಬ್ಬದ ಊಟ. ಬೀಜಕ್ಕೆ ಅಂಟಿದ ಮಾರ್ಫಿನ್ ಅಂಶ ಮೂತ್ರದಲ್ಲಿ ಕಾಣಿಸಬಹುದು. ಈ ಕಾರಣದಿಂದಲೇ ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲಿ ಅಫೀಮಿನ ಅಂಶಗಳ ಮಿತಿಯನ್ನು ಪ್ರತಿ ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2,000ಕ್ಕೆ ಏರಿಸಿತು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧವಾದ್ದರಿಂದ ಅಲ್ಲಿಗೆ ಉದ್ಯೋಗಕ್ಕೆ ಹೋಗುವ ಕನ್ನಡಿಗರಿಗೆ ಈ ಸಂಗತಿ ಕೇವಲ ಕುತೂಹಲದ್ದಲ್ಲ.

ಅಮೆರಿಕದ ಕೆಲವು ಮಾಲೀಕರು ತಂಬಾಕನ್ನೂ ಪರೀಕ್ಷಿಸುತ್ತಾರೆ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಎಂಬ ಆಸ್ಪತ್ರೆ ಸಂಸ್ಥೆ 2007ರಿಂದ ನಿಕೋಟಿನ್ ಅಂಶ ಕಂಡುಬಂದ ಅಭ್ಯರ್ಥಿಗಳನ್ನು ನೇಮಿಸಿಕೊಳ್ಳುತ್ತಿಲ್ಲ. ಅದೇ ಅಳತೆಗೋಲನ್ನು ನಿಪ್ಪಾಣಿಗೆ ತಂದರೆ ಸೇದದವರೂ ಸಿಕ್ಕಿಬಿದ್ದಾರು: ತಂಬಾಕು ಎಲೆ ಹದಮಾಡುವವರ, ಪುಡಿ ಜರಡಿ ಹಿಡಿಯುವವರ ದೇಹಕ್ಕೆ ಚರ್ಮ ಮತ್ತು ಉಸಿರಿನ ಮೂಲಕವೇ ನಿಕೋಟಿನ್ ಸೇರುತ್ತದೆ.

ಇವೆಲ್ಲ ಕಾರಣಗಳಿಂದ ಮೊದಲ ಹಂತದ ತ್ವರಿತ ಪರೀಕ್ಷೆಯನ್ನಷ್ಟೇ ನಂಬಿ ಕೆಲಸ ನಿರಾಕರಿಸುವುದು ಸರಿಯಲ್ಲವೆಂಬುದು ಈ ಕ್ಷೇತ್ರದ ಒಪ್ಪಿತ ನಿಲುವು. ಎರಡನೇ ಹಂತದಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದಿಂದ ದೃಢಪಡಿಸಬೇಕು. ವೈದ್ಯರು ಅಭ್ಯರ್ಥಿ ಸೇವಿಸುತ್ತಿರುವ ಔಷಧಗಳನ್ನು ವಿಚಾರಿಸಬೇಕು. ಕೊಡೀನ್ ಇರುವ ಕೆಮ್ಮಿನ ಔಷಧವೂ ಅಫೀಮಿನ ಪಟ್ಟಿಯಲ್ಲಿ ಬರುತ್ತದೆ.

ಕಾನೂನಿನ ಸ್ಥಿತಿ

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮಾದಕವಸ್ತುವಿಗೆ ಇಂಥ ಅಂಕಿ ಇಲ್ಲ. ವಾಹನದ ಮೇಲೆ ಹತೋಟಿ ತಪ್ಪುವಷ್ಟು ಪ್ರಭಾವವಿರಬೇಕು ಎಂದಷ್ಟೇ ಇದೆ. ಅಂದರೆ ರಸ್ತೆಯ ಕಾನೂನು ನೋಡುವುದು ಅಮಲನ್ನು, ಹಳೆಯ ಸೇವನೆಯನ್ನಲ್ಲ.

ವಿಮಾನಯಾನದಲ್ಲಿ ನಿಯಮ ಹೆಚ್ಚು ವಿವರವಾಗಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ 2022ರ ಜನವರಿ 31ರಿಂದ ಜಾರಿಗೆ ಬಂದಿದ್ದು, ನೇಮಕಾತಿಗೆ ಮುನ್ನ ಪರೀಕ್ಷೆಯನ್ನೂ ಪ್ರತಿವರ್ಷ ವಿಮಾನ ಸಿಬ್ಬಂದಿ ಮತ್ತು ಸಂಚಾರ ನಿಯಂತ್ರಕರಲ್ಲಿ ಕನಿಷ್ಠ ಶೇ. 10ರಷ್ಟು ಮಂದಿಗೆ ಮುನ್ಸೂಚನೆಯಿಲ್ಲದ ಪರೀಕ್ಷೆಯನ್ನೂ ಕಡ್ಡಾಯಗೊಳಿಸಿತು. ಮೊದಲ ಬಾರಿ ಸಿಕ್ಕಿಬಿದ್ದವರನ್ನು ಸುರಕ್ಷತೆಯ ಕೆಲಸದಿಂದ ತೆಗೆದು ವ್ಯಸನಮುಕ್ತಿ ಚಿಕಿತ್ಸೆಗೆ ಕಳಿಸುವುದು, ಎರಡನೆಯ ಬಾರಿ ಮೂರು ವರ್ಷ ಪರವಾನಗಿ ಅಮಾನತು, ಮೂರನೆಯ ಬಾರಿ ರದ್ದು ಎಂಬ ಮೆಟ್ಟಿಲುಗಳು ಅದರಲ್ಲಿವೆ. ತರಬೇತಿ ಪಡೆದ ಪೈಲಟ್‌ನನ್ನು ಕಳೆದುಕೊಳ್ಳುವುದು ದುಬಾರಿ ಎಂಬ ಅರಿವು ಈ ಮೆಟ್ಟಿಲುಗಳ ಹಿಂದೆ ಇದ್ದಂತಿದೆ. ಲೋಂಡಾ–ಮೀರಜ್ ಮಾರ್ಗದಲ್ಲಿ ರಾಯಬಾಗ, ಕುಡಚಿ, ಉಗಾರಗಳ ಮೂಲಕ ಹಾಯುವ ರೈಲುಗಳ ಲೋಕೊ ಪೈಲಟ್‌ಗಳು ಕೆಲಸಕ್ಕೆ ಹಾಜರಾಗುವಾಗಲೂ ಇಳಿಯುವಾಗಲೂ ಉಸಿರಿನ ಪರೀಕ್ಷೆಗೆ ಒಳಗಾಗುತ್ತಾರೆ.

ಖಾಸಗಿ ಕಾರ್ಖಾನೆಗೆ ಇಂಥ ವಿಶೇಷ ನಿಯಮವಿಲ್ಲ. ಆದರೂ ಪರೀಕ್ಷೆಯ ಫಲಿತಾಂಶ ಕಾರ್ಮಿಕನ ಕುಟುಂಬದ ಹಣಕ್ಕೆ ನೇರವಾಗಿ ತಟ್ಟುತ್ತದೆ. 1923ರ ನೌಕರರ ಪರಿಹಾರ ಕಾಯ್ದೆಯ 3ನೇ ಕಲಮಿನಂತೆ, ಮದ್ಯ ಅಥವಾ ಮಾದಕವಸ್ತುವಿನ ಪ್ರಭಾವದಿಂದಲೇ ಅಪಘಾತವಾದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಹೊರತು, ಮಾಲೀಕ ಪರಿಹಾರ ಕೊಡಬೇಕಾಗಿರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶ ಉಳಿದಿದೆ. ಗಾಣಕ್ಕೆ ಸಿಕ್ಕು ಕೈಬೆರಳು ಕಳೆದುಕೊಂಡವನ ಮೂತ್ರದಲ್ಲಿ ವಾರದ ಹಿಂದಿನ ಗಾಂಜಾದ ಅಂಶ ಕಂಡರೆ ಅದು ‘ಪ್ರಭಾವ’ ಆಗುವುದಿಲ್ಲ; ಆದರೆ ಆ ವಾದವನ್ನು ಅವನ ಪರವಾಗಿ ಮಂಡಿಸುವವರು ಬೇಕು. ಇದಕ್ಕೆ ಎದುರಾಗಿ, ಬಾಯಿಯ ವಾಸನೆ ಮತ್ತು ತಡವರಿಸುವ ನಡಿಗೆಯಿಂದಷ್ಟೇ ಪಾನಮತ್ತತೆ ಸಾಬೀತಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ಮಾಡಬೇಕಿತ್ತು ಎಂದು ಸುಪ್ರೀಂ ಕೋರ್ಟ್ ಬಚ್ಚುಭಾಯಿ ಕರ್ಯಾಣಿ ಪ್ರಕರಣದಲ್ಲಿ (1971) ಹೇಳಿದ್ದು ಕಾರ್ಮಿಕರಿಗೂ ನೆರವಾಗಿದೆ. ಪರೀಕ್ಷೆ ಶಿಕ್ಷೆಗೂ ದಾರಿ, ಸುಳ್ಳು ಆರೋಪದಿಂದ ಪಾರಾಗಲೂ ದಾರಿ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಬಂದ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸರ್ಕಾರಿ ಮಾಲೀಕರು ನಡೆಸುವ ಪರೀಕ್ಷೆಗೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ ಮತ್ತು ಅಗತ್ಯಕ್ಕೆ ತಕ್ಕ ಪ್ರಮಾಣ ಇರಬೇಕೆಂಬುದು ಅದರಿಂದ ಹೊರಡುವ ಅರ್ಥ.

ಯಾರಿಗೆ ಪರೀಕ್ಷೆ, ಯಾರಿಗಿಲ್ಲ

ಹಂಗಾಮಿನ ರಾತ್ರಿಗಳಲ್ಲಿ ಚಿಕ್ಕೋಡಿ ಭಾಗದ ರಸ್ತೆಯಲ್ಲಿ ಎರಡು ಬಗೆಯ ದೊಡ್ಡ ವಾಹನಗಳು ಎದುರುಬದುರಾಗುತ್ತವೆ. ಒಂದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು. ಚಿಕ್ಕೋಡಿ ಆ ಸಂಸ್ಥೆಯ ಒಂದು ವಿಭಾಗ. ಬಸ್ಸಿನ ಚಾಲಕ ಸಂಸ್ಥೆಯ ಶಿಸ್ತಿಗೆ, ವೈದ್ಯಕೀಯ ತಪಾಸಣೆಗೆ, ಇಲಾಖಾ ವಿಚಾರಣೆಗೆ ಒಳಪಟ್ಟವನು. ಇನ್ನೊಂದು, ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್. ಅದರ ಚಾಲಕ ಕಾರ್ಖಾನೆಯ ನೌಕರನಲ್ಲ. ಕಾರ್ಖಾನೆಯ ಕರಾರು ಇರುವುದು ವಾಹನದ ಮಾಲೀಕನೊಂದಿಗೆ. ಕಟಾವು ಮತ್ತು ಸಾಗಣೆಯ ವೆಚ್ಚ ರೈತನ ಬಿಲ್ಲಿನಲ್ಲಿ ಕಡಿತವಾಗುತ್ತದೆ, ಚಾಲಕನ ಹೊಣೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪೊಲೀಸರು ತಡೆದರೆ 185ನೇ ಕಲಮು ಅವನಿಗೂ ಅನ್ವಯಿಸುತ್ತದೆ, ನಿಜ. ಆದರೆ ಹೊರಡುವ ಮುನ್ನ ಅವನ ಉಸಿರು ಪರೀಕ್ಷಿಸುವ ಹೊಣೆಯನ್ನು ಹೊತ್ತ ಮಾಲೀಕ ಈ ಸರಪಳಿಯಲ್ಲಿ ಇಲ್ಲ. ಕಾರ್ಖಾನೆಯ ಅಂಗಳದಲ್ಲಿ ತಾಸುಗಟ್ಟಲೆ ಸರದಿ ಕಾಯುವ ಚಾಲಕರ ಆಯಾಸ ಯಾವ ಉಪಕರಣದಲ್ಲೂ ದಾಖಲಾಗದು. ಅಪಘಾತಕ್ಕೆ ಅದು ಮದ್ಯಕ್ಕಿಂತ ಕಡಿಮೆ ಕಾರಣವೆಂದು ಹೇಳಲಾಗದು.

ಅಭ್ಯರ್ಥಿಗಳು ಸಾಲುಗಟ್ಟಿ ನಿಲ್ಲುವ ಕಾಯಂ ಹುದ್ದೆಗಳಲ್ಲಿ ಮಾಲೀಕ ಷರತ್ತು ಹಾಕಬಲ್ಲ. ಜನ ಸಿಗದ ಕಡೆ ಷರತ್ತು ಹಾಕುವವನು ಮುಕಾದಮನೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2019ರಲ್ಲಿ ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆ ಎಂದು ಹೇಳಿ, ಸಾರಿಗೆ ವಾಹನಗಳ ಚಾಲಕರಿಗೆ ಇದ್ದ ಎಂಟನೇ ತರಗತಿಯ ವಿದ್ಯಾರ್ಹತೆಯನ್ನು ತೆಗೆದುಹಾಕಿತು. ಕೊರತೆ ಬಂದಾಗ ಮೊದಲು ಸಡಿಲವಾಗುವುದು ನೇಮಕಾತಿಯ ಅರ್ಹತೆ ಎಂಬುದಕ್ಕೆ ಇದು ಸರ್ಕಾರಿ ನಿದರ್ಶನ. ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಬಸ್ಸುಗಳ ಬೇಡಿಕೆ ಏರಿ, ಹೊರಗುತ್ತಿಗೆ ಚಾಲಕರ ಮೊರೆಹೋಗುವ ಕ್ರಮವೂ ಬೆಳೆದಿದೆ. ಏಜೆನ್ಸಿ ಕಳಿಸಿದ ಚಾಲಕನ ಶಿಸ್ತಿಗೆ ಹೊಣೆ ಯಾರೆಂಬ ಪ್ರಶ್ನೆ ಇನ್ನು ಬಸ್ಸಿಗೂ ಬರುತ್ತದೆ.

ಅಮೆರಿಕದ ಅನುಭವ

ನೌಕರರ ಪರೀಕ್ಷೆ ವ್ಯಾಪಕವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಧ್ಯಕ್ಷ ರೇಗನ್ 1986ರಲ್ಲಿ ಕೇಂದ್ರ ನೌಕರರಿಗೆ ಅದನ್ನು ತಂದರು. 1991ರ ಕಾಯ್ದೆ ಸಾರಿಗೆ ನೌಕರರಿಗೆ ವಿಸ್ತರಿಸಿತು. 2020ರ ಜನವರಿ 6ರಂದು ಲಾರಿ ಚಾಲಕರ ಪರೀಕ್ಷಾ ಫಲಿತಾಂಶಗಳ ರಾಷ್ಟ್ರೀಯ ದಾಖಲೆ ಆರಂಭವಾಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಗಾಂಜಾ ಬಳಸಿದವರು. ಲಾರಿ ಮಾಲೀಕರು ಚಾಲಕರ ಕೊರತೆಯನ್ನು ದೂರುತ್ತಿದ್ದಾಗಲೇ ಅನೇಕ ರಾಜ್ಯಗಳು ಗಾಂಜಾವನ್ನು ಕಾನೂನುಬದ್ಧಗೊಳಿಸಿದವು. 2021ರ ಜೂನ್‌ನಲ್ಲಿ ಅಮೆಜಾನ್ ಕಂಪನಿ, ಸಾರಿಗೆ ಇಲಾಖೆಯ ನಿಯಮಕ್ಕೆ ಒಳಪಡದ ಹುದ್ದೆಗಳಿಗೆ ಗಾಂಜಾ ಪರೀಕ್ಷೆಯನ್ನು ಕೈಬಿಟ್ಟಿತು. ಕ್ಯಾಲಿಫೋರ್ನಿಯಾ 2024ರ ಜನವರಿ 1ರಿಂದ, ಅಮಲನ್ನು ತೋರಿಸದೆ ಹಳೆಯ ಸೇವನೆಯನ್ನಷ್ಟೇ ತೋರಿಸುವ ಪರೀಕ್ಷೆಯ ಆಧಾರದಲ್ಲಿ ಬಹುತೇಕ ಉದ್ಯೋಗಗಳನ್ನು ನಿರಾಕರಿಸುವುದನ್ನು ತಡೆಯಿತು. ಲಾರಿ ಚಾಲಕರ ವಿಷಯದಲ್ಲಿ ಮಾತ್ರ ನಿಯಮ ಸಡಿಲವಾಗಲಿಲ್ಲ. 2024ರ ನವೆಂಬರ್‌ನಿಂದ, ಸಿಕ್ಕಿಬಿದ್ದು ಚಿಕಿತ್ಸೆಯ ಕ್ರಮ ಮುಗಿಸದವರ ವಾಣಿಜ್ಯ ಪರವಾನಗಿಯನ್ನೇ ರಾಜ್ಯಗಳು ಹಿಂಪಡೆಯಬೇಕಾಗಿದೆ.

ಭಾರತದಲ್ಲಿ ಸಿಕ್ಕಿಬೀಳುವುದರ ಭಯ ಕೆಲಸ ಹೋಗುವುದಕ್ಕಿಂತ ದೊಡ್ಡದು, ಏಕೆಂದರೆ 1985ರ ಕಾಯ್ದೆಯ 27ನೇ ಕಲಮಿನಡಿ ಸೇವನೆಯೇ ಅಪರಾಧ. ಅದೇ ಕಾಯ್ದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಮುಂದಾದ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಚಿಕಿತ್ಸೆಗೆ ಅರ್ಹವಾದ ಕಾಯಿಲೆಗಳೊಳಗೆ ಸೇರಿಸಿದೆ. ಮುಂಗಡದ ಸಾಲ ಹೊತ್ತು ಊರೂರು ತಿರುಗುವ ಕಟಾವಿನ ಜೋಡಿಗೆ ಹಂಗಾಮಿನ ನಡುವೆ ಚಿಕಿತ್ಸೆಗೆ ಕೂರಲು ದಿನಗಳಿರುವುದಿಲ್ಲ. ಕೊರತೆಗೆ ಕಾರ್ಖಾನೆಗಳೂ ಸರ್ಕಾರವೂ ಸದ್ಯ ಹುಡುಕಿಕೊಂಡಿರುವ ಉತ್ತರ ಸಹಾಯಧನದ ಕಟಾವು ಯಂತ್ರ. ಅದನ್ನು ನಡೆಸಲೂ ನುರಿತ ಚಾಲಕ ಬೇಕು, ಅವನ ಕರಾರೂ ಯಂತ್ರದ ಮಾಲೀಕನೊಂದಿಗೇ ಇರುತ್ತದೆ.