ಕಡತಗಳ ಕೀಲಿಕೈ ಯಾರ ಬಳಿ?

ಪರಿಸರ ಹೋರಾಟಗಳು ಘೋಷಣೆಗಳಿಂದಷ್ಟೇ ಗೆಲ್ಲುವುದಿಲ್ಲ, ಕಡತಗಳೂ ಬೇಕು. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಜನರಿಗೆ ತಿಳಿವಳಿಕೆ ನೀಡಬೇಕು. ಬಹುತೇಕ ಹಳ್ಳಿಗಳಿಗೆ ಸಿಗುವುದು ಅಷ್ಟೇ ಕಾಲಾವಕಾಶ. ಅಷ್ಟರೊಳಗೆ ನೂರಾರು ಪುಟಗಳ ವರದಿಯನ್ನು ಓದಬೇಕು. ಹಳೆಯ ಛಾಯಾಚಿತ್ರ, ಮಾಹಿತಿ ಹಕ್ಕಿನಡಿ ಪಡೆದ ಪತ್ರ, ಗ್ರಾಮಸಭೆಯ ನಿರ್ಣಯಗಳನ್ನು ಹುಡುಕಿ ತೆಗೆಯಬೇಕು. ಅದೇ ವಾರ ಸಂಘಟನೆಯ ಜಾಲತಾಣ ತೆರೆದುಕೊಳ್ಳದೆ, ಅದನ್ನು ಕಟ್ಟಿಕೊಟ್ಟವರು ಫೋನಿಗೂ ಸಿಗದೆ ಹೋದರೆ ಗತಿಯೇನು?

ಆದ್ದರಿಂದಲೇ ಸಣ್ಣ ಸಂಘಟನೆಗಳಲ್ಲಿ ಸರ್ವರ್ ಕುರಿತ ಚರ್ಚೆ ಮತ್ತೆ ಮತ್ತೆ ಏಳುತ್ತದೆ. ಸರ್ವರ್ ಎಂದರೆ ಕೇಳಿದವರಿಗೆ ಕಡತ ಒದಗಿಸಲು ಹಗಲಿರುಳು ಎಚ್ಚರವಿರುವ ಗಣಕಯಂತ್ರ, ಬೇರೇನಲ್ಲ. ಅದನ್ನು ನಾವೇ ಕಲಿತು ನಡೆಸೋಣ ಎಂಬುದು ವಿದ್ಯಾರ್ಥಿಗಳ ಉತ್ಸಾಹ. ಹಣ ಕೊಟ್ಟು ತಿಳಿದವರಿಗೆ ಒಪ್ಪಿಸೋಣ ಎಂಬುದು ಹಿರಿಯರ ವಿವೇಕ. ಪುಕ್ಕಟೆ ಸಿಗುವ ಜಾಗ ಇರುವಾಗ ಎರಡೂ ಏಕೆ ಎನ್ನುವವರೂ ಉಂಟು. ಅವರಿಗೆ ಯಾಹೂ ಗ್ರೂಪ್ಸ್ ನೆನಪಿರಲಿ. ಎಷ್ಟೋ ಜನಪರ ಗುಂಪುಗಳು ತಮ್ಮ ಪತ್ರವ್ಯವಹಾರವನ್ನೆಲ್ಲ ಅಲ್ಲಿ ಇಟ್ಟಿದ್ದವು. 2020ರ ಡಿಸೆಂಬರಿನಲ್ಲಿ ಕಂಪನಿ ಅದನ್ನು ಪೂರ್ತಿ ಮುಚ್ಚಿತು. ಸಕಾಲದಲ್ಲಿ ಪ್ರತಿ ಮಾಡಿಕೊಳ್ಳದವರ ವರ್ಷಗಟ್ಟಲೆಯ ದಾಖಲೆ ಹೋಯಿತು.

ಸ್ವಂತ ಸರ್ವರ್ ನಡೆಸುವುದು ಯಂತ್ರದ ಬೆಲೆಯ ಪ್ರಶ್ನೆಯಲ್ಲ. ಹಳೆಯ ಗಣಕಯಂತ್ರವೊಂದಕ್ಕೆ ಲಿನಕ್ಸ್ ಹಾಕಿದರೆ ಕೆಲಸ ಶುರುವಾಗುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕೂಡ ಸಾಕು. ಕಷ್ಟ ಇರುವುದು ನಂತರದ ದಿನಗಳಲ್ಲಿ. ತಂತ್ರಾಂಶದ ದೋಷ ಪತ್ತೆಯಾದ ಕೂಡಲೇ ಸರಿಪಡಿಸದಿದ್ದರೆ ಎಲ್ಲಿಯೋ ಕುಳಿತವರು ಒಳನುಗ್ಗುತ್ತಾರೆ. ದೂರು ಕೊಟ್ಟವರ, ಮಾಹಿತಿ ಕೇಳಿದವರ ಹೆಸರು ವಿಳಾಸಗಳು ಅಲ್ಲಿದ್ದರೆ ಅದು ಆಟದ ಮಾತಲ್ಲ. ಮಲೆನಾಡಿನಲ್ಲಂತೂ ಮುಂಗಾರುಪೂರ್ವದ ಒಂದು ಸಿಡಿಲಿಗೆ ಮೋಡೆಮ್ ಸುಟ್ಟುಹೋಗುತ್ತದೆ. ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ಕೇಬಲ್ಲೂ ಇಲ್ಲ. ಮಿಂಚಂಚೆಯ ಸರ್ವರನ್ನು ಮನೆಯಲ್ಲಿ ನಡೆಸುವ ಹುಚ್ಚಿಗಂತೂ ಹೋಗದಿರುವುದೇ ಲೇಸು. ಮನೆಯ ಸಂಪರ್ಕದಿಂದ ಹೊರಟ ಪತ್ರಗಳನ್ನು ದೊಡ್ಡ ಕಂಪನಿಗಳ ಸರ್ವರುಗಳು ಸಂಶಯದಿಂದ ನೋಡಿ ಕಸದ ಬುಟ್ಟಿಗೆ ತಳ್ಳುತ್ತವೆ, ಇಲ್ಲವೇ ಸ್ವೀಕರಿಸುವುದೇ ಇಲ್ಲ. ಜಿಲ್ಲಾಧಿಕಾರಿಗೆ ಕಳಿಸಿದ ಆಕ್ಷೇಪಣೆ ತಲುಪಲೇ ಇಲ್ಲವೆಂಬುದು ಸಭೆಯ ದಿನ ತಿಳಿದರೆ ಸ್ವಾವಲಂಬನೆಯ ಹೆಮ್ಮೆ ಯಾವ ಉಪಯೋಗಕ್ಕೆ?

ಹಾಗೆಂದು ಹಣ ಕೊಟ್ಟ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಐದಂತಸ್ತಿನ ದತ್ತಾಂಶ ಕೇಂದ್ರವೇ ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟುಕೊಂಡಿದ್ದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳಬಹುದಿತ್ತು. ಪ್ರತಿ ಮಾಡುವ ಹೊಣೆ ಕಂಪನಿಯದೆಂದು ನಂಬಿದ್ದವರಲ್ಲಿ ಹಲವರ ಕಡತಗಳು ಮರಳಿ ಬರಲೇ ಇಲ್ಲ. ಅಷ್ಟು ದೂರ ಹೋಗುವುದೂ ಬೇಡ. ಜಾಲತಾಣದ ಹೆಸರನ್ನು ತಂತ್ರಜ್ಞ ತನ್ನದೇ ಹೆಸರಿನಲ್ಲಿ ನೋಂದಾಯಿಸಿ, ಗುಪ್ತಪದವನ್ನೂ ತಾನೇ ಇಟ್ಟುಕೊಂಡು, ಬೇರೆ ನೌಕರಿ ಹಿಡಿದು ಊರು ಬಿಟ್ಟರೆ ಸಾಕು.

ಅಡಿಕೆ ತೋಟದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಏರುವವನು ಕೊನೆಗೌಡ. ಅದು ಅವನ ಕಸುಬು, ಅದಕ್ಕೆ ಅವನಿಗೆ ಕೂಲಿ ಸಲ್ಲಬೇಕು. ಆದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ತೋಟದವನಿಗೆ ಗೊತ್ತಿರುತ್ತದೆ. ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ, ಕೆಂಪಗಾದರೆ ಸುಣ್ಣ ಸಾಲದೆಂದು ಅವನೇ ತೀರ್ಮಾನಿಸುತ್ತಾನೆ. ಮರ ಏರಲು ಬಾರದಿದ್ದರೂ ತೋಟ ಅವನ ಹಿಡಿತದಲ್ಲಿದೆ.

ಸರ್ವರಿನ ವಿಷಯದಲ್ಲೂ ಸಂಘಟನೆಗಳು ಕಲಿಯಬೇಕಾದದ್ದು ಇಷ್ಟನ್ನೇ, ಆದರೆ ಇಷ್ಟನ್ನು ಕಲಿಯಲೇಬೇಕು. ಮಿಂಚಂಚೆಗೂ ಸಾರ್ವಜನಿಕ ಜಾಲತಾಣಕ್ಕೂ ಹಣ ಕೊಡಲಿ; ಅದು ದುಂದುವೆಚ್ಚವಲ್ಲ. ಜಾಲತಾಣದ ಹೆಸರು ಮಾತ್ರ ಸಂಘಟನೆಯದೇ ಆಗಿರಲಿ. ಗುಪ್ತಪದಗಳು ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಯ ಬಳಿಯೂ ಇರಲಿ. ಕಡತಗಳ ಪ್ರತಿಯನ್ನು ತಿಂಗಳಿಗೊಮ್ಮೆ ಎರಡು ಡಿಸ್ಕುಗಳಿಗೆ ಇಳಿಸಿ ಎರಡು ಬೇರೆ ಊರುಗಳಲ್ಲಿಡಬೇಕು. ಇಟ್ಟರಷ್ಟೇ ಸಾಲದು, ಮಳೆಗಾಲಕ್ಕೆ ಮೊದಲು ಆ ಪ್ರತಿಯಿಂದ ಜಾಲತಾಣವನ್ನು ಒಮ್ಮೆ ಮತ್ತೆ ಕಟ್ಟಿ ನೋಡಬೇಕು. ಎಷ್ಟೋ ಕಡೆ ಡಿಸ್ಕಿನಲ್ಲಿ ಏನೂ ಇಲ್ಲವೆಂದು ತಿಳಿಯುವುದೇ ಆಗ.

ಕಲಿಯುವ ಹುಮ್ಮಸ್ಸಿನ ವಿದ್ಯಾರ್ಥಿಗಳಿಗೆ ಬೇರೊಂದು ಒಳ್ಳೆಯ ಕೆಲಸವಿದೆ. ಅಂತರ್ಜಾಲದ ಸಂಪರ್ಕವೇ ಇಲ್ಲದ ಸಣ್ಣ ಸರ್ವರೊಂದನ್ನು ಸಂಘಟನೆಯ ಕಚೇರಿಯಲ್ಲೋ ಊರಿನ ಗ್ರಂಥಾಲಯದಲ್ಲೋ ಇಟ್ಟು, ವರದಿ, ನಕ್ಷೆ, ಕರಪತ್ರಗಳನ್ನು ಅದರಲ್ಲಿ ತುಂಬಿ, ಅಲ್ಲಿಗೆ ಬಂದವರು ವೈಫೈ ಮೂಲಕ ಮೊಬೈಲಿನಲ್ಲೇ ಓದುವಂತೆ ಮಾಡಬಹುದು. ಅಲ್ಲಿ ತಪ್ಪಾದರೆ ಯಾರಿಗೂ ನಷ್ಟವಿಲ್ಲ, ಮೂಲಪ್ರತಿ ಬೇರೆಡೆ ಇರುತ್ತದೆ. 2000ದ ದಶಕದಲ್ಲಿ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳನ್ನು ಇಂದು ಮೊಬೈಲಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ, ಊರಿನ ಹೆಸರು, ಸರ್ವೆ ನಂಬರುಗಳನ್ನು ಮೂಲದೊಡನೆ ತಾಳೆ ನೋಡಬೇಕು. ದೂರದ ಊರಿನ ತಂತ್ರಜ್ಞನಿಗೆ ಎಷ್ಟು ಹಣ ಕೊಟ್ಟರೂ ಈ ಕೆಲಸ ಸರಿಯಾಗಿ ಆಗದು, ಏಕೆಂದರೆ ಆ ಊರುಗಳು ಅವನಿಗೆ ಗೊತ್ತಿಲ್ಲ.