ದೂರಮಾಪಕ ಕ್ಯಾಮರಾ ಮತ್ತು ವಿದ್ಯಾರ್ಥಿಯ ಜೇಬು

ಎರಡು ಕಿಂಡಿಗಳಿಂದ ಬಂದ ಬಿಂಬಗಳು ಒಂದರ ಮೇಲೊಂದು ಕೂಡಿದಾಗ ವಸ್ತುವಿನ ದೂರವು ನಿರ್ಧಾರವಾಗುವುದು. ರೇಂಜ್‌ಫೈಂಡರ್ ಕ್ಯಾಮರಾದ ತತ್ತ್ವವಿಷ್ಟೇ. ತ್ರಿಕೋನಮಿತಿಯನ್ನು ಬಲ್ಲವರೆಲ್ಲರೂ ಇದನ್ನು ಗ್ರಹಿಸಬಲ್ಲರು. ಆದರೂ 2004ರಲ್ಲಿ ಎಪ್ಸನ್ ಸಂಸ್ಥೆಯು ಆರ್-ಡಿ1 ಎಂಬ ಮೊದಲ ಡಿಜಿಟಲ್ ಮಾದರಿಯನ್ನೂ, 2006ರಲ್ಲಿ ಲೈಕಾ ಸಂಸ್ಥೆಯು ಎಂ8 ಅನ್ನೂ ಹೊರತಂದ ಮೇಲೂ ಇಂತಹ ಹೊಸ ಯಂತ್ರವು ಸಾಮಾನ್ಯರ ಕೈಗೆಟುಕಿಲ್ಲ. ಕಾರಣವು ಸ್ಪಷ್ಟ: ಮಸೂರದ ಚಲನೆಯನ್ನು ಬಿಂಬಕ್ಕೆ ಮುಟ್ಟಿಸುವ ಸನ್ನೆಗಳನ್ನು ಅತಿ ಸೂಕ್ಷ್ಮವಾಗಿ ಹೊಂದಿಸಬೇಕು, ಕೊಳ್ಳುವವರೋ ಕೆಲವೇ ಮಂದಿ. ಅಲ್ಪ ಉತ್ಪಾದನೆಯಲ್ಲಿ ಬೆಲೆಯು ಇಳಿಯದು. ಆದುದರಿಂದ ವಿದ್ಯಾರ್ಥಿಗಳು ಸಾಲ ಮಾಡಿ ಇದನ್ನು ಕೊಳ್ಳುವುದು ಸಲ್ಲದೆಂಬುದೇ ನಮ್ಮ ಅಭಿಪ್ರಾಯ. ಒಂದು ಕನ್ನಡಿ, ಒಂದು ಅರೆಪಾರದರ್ಶಕ ಗಾಜು, ಒಂದು ಕೋನಮಾಪಕ ಇವಿಷ್ಟಿದ್ದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ದೂರಮಾಪಕವನ್ನು ಕಟ್ಟಬಹುದು. ಅಧ್ಯಾಪಕರಾದ ನಾವು ಆ ಕೆಲಸವನ್ನು ಮೊದಲು ಕೈಗೊಳ್ಳೋಣ.