ಇಂಟರ್‌ವಲ್ ಕಟ್ಟೆ: ಹೀರೋ ಮೊದಲು ಲ್ಯಾಬಿಗೆ ಹೋಗಲಿ!

ಯಾರ ಕಟೌಟು ಎಷ್ಟಡಿ, ಯಾವ ನಾಯಕಿಗೆ ಯಾವಾಗ ಮದುವೆ ಎಂಬ ಪತ್ರಗಳ ರಾಶಿಯಲ್ಲಿ ಈ ವಾರ ರಾಣೆಬೆನ್ನೂರಿನ ಅಭಿಮಾನಿಯೊಬ್ಬರ ನಾಲ್ಕು ಪುಟದ ಪತ್ರ ಸಿಕ್ಕಿತು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋಲ್ಲ. ಮದುವೆಯಾಗಿ ನಾಲ್ಕು ವರ್ಷ, ಮಗುವಿಲ್ಲ. ಹೆಂಡತಿಗೆ ಸ್ಕ್ಯಾನಿಂಗು, ರಕ್ತಪರೀಕ್ಷೆ, ಹರಕೆ, ಉಪವಾಸ ಎಲ್ಲಾ ಆಗಿದೆ. ಈಗ ಹುಬ್ಬಳ್ಳಿಯ ಡಾಕ್ಟರು ಐವಿಎಫ್ ಮಾತೆತ್ತಿ, ಮೊದಲು ನಿಮ್ಮ ಪರೀಕ್ಷೆ ಆಗಲಿ ಅಂದರಂತೆ. ಇವರಿಗೆ ಕೆಂಡದಂಥ ಸಿಟ್ಟು! "ದಿನಾ ಜಿಮ್‌ಗೆ ಹೋಗ್ತೀನಿ ಸಾರ್, ನನಗೇನಾಗಿದೆ? ಅಲ್ಲಿ ಏನೇನು ಮಾಡ್ತಾರೆ? ಹುಟ್ಟೋ ಮಗು ನಮ್ಮದೇನಾ?"

ಸಿಟ್ಟು ಪಕ್ಕಕ್ಕಿಡಿ ಸ್ವಾಮಿ. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಗಂಡಸಿನ ಪರೀಕ್ಷೆ ಎಷ್ಟು ಸುಲಭ ಗೊತ್ತೇ? 2ರಿಂದ 7 ದಿನ ಸಂಯಮ, ಆಮೇಲೆ ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಡಬ್ಬಿಗೆ ವೀರ್ಯ ಕೊಡೋದು. ಎಣಿಕೆ, ಚಲನೆ, ಆಕಾರ ನೋಡುತ್ತಾರೆ. ಸರಿಯಿಲ್ಲ ಅಂದರೆ ಇನ್ನೊಂದು ಸಲ ನೋಡುತ್ತಾರೆ. ಇಷ್ಟಕ್ಕೆ ನಾಲ್ಕು ವರ್ಷ ಹೆಂಡತಿಯ ಕೈಗೆ ಸೂಜಿ ಚುಚ್ಚಿಸಿದ್ದು ಯಾವ ನ್ಯಾಯ?

ಜಿಮ್ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ತೋಳು ಉಬ್ಬಲಿ ಅಂತ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್, ಸ್ಟೆರಾಯ್ಡು ಇವೆಯಲ್ಲ, ಇವು ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಲ್ಲವು. ಹೊರಗೆ ಮೀಸೆ ಹುರಿ, ಒಳಗೆ ಫ್ಯಾಕ್ಟರಿ ಬಂದ್! ಅಂಥದ್ದೇನಾದರೂ ತಗೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಸಿಗರೇಟು ಬಿಡೋದಿದ್ದರೆ ಚಿಕಿತ್ಸೆಗೆ ಮೂರು ತಿಂಗಳು ಮೊದಲೇ ಬಿಡಿ. ಎಣಿಕೆ ತೀರಾ ಕಮ್ಮಿಯಿದ್ದರೂ ಕಥೆ ಮುಗಿಯಲಿಲ್ಲ. 1992ರಲ್ಲಿ ಬ್ರಸೆಲ್ಸ್‌ನ ಡಾಕ್ಟರುಗಳು ಲೋಕಕ್ಕೆ ತೋರಿಸಿಕೊಟ್ಟ ಇಕ್ಸಿ ವಿಧಾನದಲ್ಲಿ ಕೂದಲಿಗಿಂತ ಸಣ್ಣ ಸೂಜಿಯಿಂದ ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಬಿಡುತ್ತಾರೆ.

ಇನ್ನು ನಿಮ್ಮ ಮನೆಯಾಕೆಯ ಪಾಲು. ಕಷ್ಟವೆಲ್ಲ ಇಲ್ಲೇ ಇರೋದು. ಮುಟ್ಟಾದ ಎರಡನೇ ಮೂರನೇ ದಿನದಿಂದ ಸುಮಾರು 8ರಿಂದ 14 ದಿನ ಹೊಟ್ಟೆಗೆ ಇಂಜೆಕ್ಷನ್. ನಡುನಡುವೆ ಸ್ಕ್ಯಾನಿಂಗು. ಹೊಟ್ಟೆ ಉಬ್ಬರ, ತಲೆನೋವು, ಸುಮ್ಮಸುಮ್ಮನೆ ಅಳು ಬರಬಹುದು. ಆಗ "ಏನಾಯ್ತೇ ನಿನಗೆ?" ಅಂತ ರೇಗೋದಲ್ಲ, ಔಷಧಿ ಕೆಲಸ ಅದು. ಅಂಡಾಣು ಬಲಿತ ಮೇಲೆ ಕೊನೆಯದೊಂದು ಇಂಜೆಕ್ಷನ್. ಅದರ ಗಂಟೆ ನಿಮಿಷ ತಪ್ಪಕೂಡದು. ಅಲಾರಂ ಇಟ್ಟು ನೆನಪಿಸುವ ಕೆಲಸ ನಿಮ್ಮದಾಗಲಿ. ಅದಾಗಿ 34ರಿಂದ 36 ಗಂಟೆಗೆ ಮಂಪರು ಬರಿಸಿ ಅಂಡಾಣು ತೆಗೆಯುತ್ತಾರೆ. ಅರ್ಧ ಗಂಟೆಯ ಕೆಲಸ. ಅದಾದ ಮೇಲೆ ಹೊಟ್ಟೆ ವಿಪರೀತ ಊದಿ, ವಾಂತಿ ನಿಲ್ಲದೆ, ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆ!

ಲ್ಯಾಬಿನಲ್ಲಿ ನಿಮ್ಮ ವೀರ್ಯಾಣು, ಅವರ ಅಂಡಾಣು ಕೂಡಿ ಆದ ಭ್ರೂಣವನ್ನು ಮೂರರಿಂದ ಐದು ದಿನ ಬೆಳೆಸಿ ಗರ್ಭಕೋಶಕ್ಕೆ ಬಿಡುತ್ತಾರೆ. ಮಗು ನಿಮ್ಮದೇ ಕಣ್ರೀ! ಬೇರೆಯವರ ಬೀಜ ಬಳಸಬೇಕೆಂದರೆ ನಿಮ್ಮಿಬ್ಬರ ಲಿಖಿತ ಒಪ್ಪಿಗೆ ಬೇಕು ಅಂತ 2021ರ ಕಾಯ್ದೆಯೇ ಹೇಳುತ್ತದೆ. ಕ್ಲಿನಿಕ್ಕಿನ ನೋಂದಣಿ ಪತ್ರ ಕೇಳಿ ನೋಡಿ. ಗಂಡು ಮಗುವೇ ಬೇಕು ಅಂತ ಯಾರಾದರೂ ಆಸೆ ತೋರಿಸಿದರೆ ಎದ್ದು ಬನ್ನಿ, ಅದು ಅಪರಾಧ.

ಆಮೇಲೆ ಎರಡು ವಾರ ಕಾಯಬೇಕು. ಸಿನಿಮಾದಲ್ಲಾದರೆ ಒಂದು ಹಾಡಿನಲ್ಲಿ ಮುಗಿಯುತ್ತಿತ್ತು! ನಂತರ ರಕ್ತಪರೀಕ್ಷೆ. ಮೊದಲ ಶೋಗೇ ಹಿಟ್ ಅಂತ ಭಾವಿಸಬೇಡಿ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳಲ್ಲ, ಆ ಸಾಹಸದ ಹತ್ತು ವರ್ಷಗಳಲ್ಲಿ 282 ಹೆಂಗಸರು ಪ್ರಯತ್ನಿಸಿ, ಹುಟ್ಟಿದ್ದು ಎರಡೇ ಮಕ್ಕಳು. ಈಗ ಎಷ್ಟೋ ಸುಧಾರಿಸಿದೆ, ಆದರೂ ಗ್ಯಾರಂಟಿ ಇಲ್ಲ. ಹೆಂಡತಿಯ ವಯಸ್ಸು ಏರಿದಂತೆ ಅವಕಾಶ ಇಳಿಯುತ್ತದೆ. ಒಂದು ಸುತ್ತಿಗೇ ಲಕ್ಷ ದಾಟುವುದು ಸಾಮಾನ್ಯ. ಎರಡನೇ ಸುತ್ತಿಗೆ ದುಡ್ಡೆಲ್ಲಿಂದ ಅನ್ನೋದನ್ನು ಮೊದಲೇ ಕೂತು ಮಾತಾಡಿ.

ಲೂಯಿಸ್ ಹುಟ್ಟಿದ ಎರಡೇ ತಿಂಗಳಲ್ಲಿ, ಅಕ್ಟೋಬರ್ 3ರಂದು, ಕಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಕೈಯಲ್ಲಿ 'ದುರ್ಗಾ' ಹುಟ್ಟಿದ್ದಳು. ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಆತ ಜೀವ ಕಳೆದುಕೊಂಡರು. ತಪನ್ ಸಿನ್ಹಾರ 'ಏಕ್ ಡಾಕ್ಟರ್ ಕಿ ಮೌತ್' ಅವರ ಬದುಕಿನಿಂದಲೇ ಪ್ರೇರಿತ. ಪಂಕಜ್ ಕಪೂರ್ ನಟನೆ ನೋಡದಿದ್ದವರು ನೋಡಿ. ಅವರ ಸಾಧನೆಯನ್ನು ದಾಖಲೆ ಸಮೇತ ಎತ್ತಿಹಿಡಿದ ಡಾ. ಆನಂದ ಕುಮಾರರ ಲೇಖನ 1997ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲೇ!

ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ: ಭ್ರೂಣ ಬಿಟ್ಟ ಮೇಲೆ ಬಸ್ಸಿನಲ್ಲಿ ಕರೆದುಕೊಂಡು ಬರಬಹುದೇ, ಕುಲುಕಿ ಬಿದ್ದುಹೋಗೋಲ್ಲವೇ? ಬೀಳೋಲ್ಲ. ಹದಿನೈದು ದಿನ ಮಂಚ ಹಿಡಿಯುವುದರಿಂದಲೂ ಲಾಭವಿಲ್ಲ, ಓಡಾಡಿಕೊಂಡಿರಲಿ. ಅಂಡಾಣು ತೆಗೆದ ದಿನ ಮಾತ್ರ ಮಂಪರು ಇರುತ್ತದೆ, ಒಬ್ಬರನ್ನೇ ಕಳಿಸಬೇಡಿ. ನೀವೂ ಹೋಗಿ, ಕಿಟಕಿ ಪಕ್ಕದ ಸೀಟು ಅವರಿಗೆ ಕೊಡಿ.